ಸಿಂಗಾಪುರದ ಮೀನು, ಬೇಳೆ ಬೇಯುವ ನೀರು

ಕಳೆದ ಸೋಮವಾರ ಬೀದರಿನಲ್ಲಿ ಉದಗೀರ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದೆ. ನನ್ನ ಪಕ್ಕದ ಸ್ಕೂಟರಿನ ಹ್ಯಾಂಡಲ್ಲಿಗೆ ಒಂದು ಪ್ಲಾಸ್ಟಿಕ್ ಚೀಲ ತೂಗುತ್ತಿತ್ತು. ಬಾಯಿಗೆ ರಬ್ಬರು ಬಿಗಿದು ನೀರು ತುಂಬಿದ ಚೀಲ. ಒಳಗೆ ಎರಡು ಕೆಂಪು ಮೀನು. ಬಿಸಿಲು ನೆತ್ತಿಯ ಮೇಲಿತ್ತು. ಸ್ಕೂಟರಿನವನು ಕಿವಿಗೂ ಹೆಗಲಿಗೂ ನಡುವೆ ಫೋನು ಸಿಗಿಸಿಕೊಂಡು ಯಾರಿಗೋ ಸಿಮೆಂಟಿನ ರೇಟು ಹೇಳುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಜರಾ ಚೀಲ ನೆರಳಿಗೆ ಹಿಡೀರಿ. ನೀರ ಕಾದ್ರ ಸಾಯ್ತಾವ. ಮನಿಗಿ ಹೋದಕೂಡ್ಲೇ ಬಿಡಬ್ಯಾಡ್ರಿ, ಚೀಲಾ ಹಂಗೇ ತೊಟ್ಟ್ಯಾಗ ತೇಲಿಸಿ ಇಡ್ರಿ, ಎರಡೂ ನೀರು ಒಂದೇ ಬಿಸಿ ಆಗ್ಲಿ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಕಲ್, ಮನಿ ಇಲ್ಲೇ ಅದರಿ" ಎಂದು ಹಸಿರು ದೀಪಕ್ಕೆ ಹೊರಟುಹೋದ.

ನನ್ನ ವಯಸ್ಸಿನವರು ರಸ್ತೆಯಲ್ಲಿ ಅಪರಿಚಿತರಿಗೆ ಸಕ್ಕರೆ ಕಾಯಿಲೆಯ ಬಗ್ಗೆ, ಮಂಡಿನೋವಿನ ಬಗ್ಗೆ ಉಪದೇಶ ಮಾಡುತ್ತಾರೆ. ನನಗೆ ಮಾತ್ರ ಮೀನಿನ ಉಪದೇಶ. ಇದು ಯಾವ ಪುಸ್ತಕದಿಂದ ಬಂದ ವಿದ್ಯೆಯೂ ಅಲ್ಲ. ಭಾಲ್ಕಿಯ ಬಸವರಾಜ ಮಾಮಾ ಕಲಿಸಿದ್ದು, ನನ್ನ ತಾಯಿಯ ತಮ್ಮ. ಅವನ ಕಥೆ ಹೇಳಬೇಕೆಂದರೆ ಮೊದಲು ಸಮುದ್ರದ ವಿಷಯ ಹೇಳಬೇಕು. ನಮ್ಮ ಜಿಲ್ಲೆಯಿಂದ ಸಮುದ್ರ ಎಷ್ಟು ದೂರವೆಂದರೆ, ನಮ್ಮ ಹಿರಿಯರಲ್ಲಿ ಅದನ್ನು ನೋಡಿದವರಿಗಿಂತ ಅದು ಸುಳ್ಳೆಂದು ತಿಳಿದವರೇ ಹೆಚ್ಚು. ಅಂಥ ಊರಿನಿಂದ ಮಾಮಾ ಹಡಗಿಗೆ ಹೋದ. ಸಾಮಾನು ಸಾಗಿಸುವ ಹಡಗುಗಳಲ್ಲಿ ದೊಡ್ಡ ದೊಡ್ಡ ಥಂಡಿ ಕೋಣೆಗಳಿರುತ್ತವೆಯಲ್ಲ, ಅವುಗಳ ಯಂತ್ರ ನೋಡಿಕೊಳ್ಳುವ ಮೆಕ್ಯಾನಿಕ್ಕು. "ಸುತ್ತಲೂ ಥಂಡ ನೀರೇ ಇರ್ತದಲ್ಲೋ ಬಸ್ಯಾ, ಹಡಗದಾಗ ಫ್ರಿಜ್ ಯಾಕ ಬೇಕು?" ಎಂದು ಕಟ್ಟೆಯ ಮೇಲೆ ಕುಳಿತವರು ಅವನು ಪ್ರತಿ ಸಲ ರಜೆಗೆ ಬಂದಾಗಲೂ ಕೇಳುತ್ತಿದ್ದರು. ಪ್ರತಿ ಸಲವೂ ಅವನು ಉತ್ತರ ಹೇಳುತ್ತಿದ್ದ. ಮುಂದಿನ ವರ್ಷ ಅವರು ಮತ್ತೆ ಕೇಳುತ್ತಿದ್ದರು.

ವರ್ಷದಲ್ಲಿ ಬಹುಪಾಲು ಹಡಗು, ಉಳಿದಷ್ಟು ಭಾಲ್ಕಿ. ಪರದೇಶಕ್ಕೆ ಹೋದ ನಮ್ಮ ಕಡೆಯವರೆಲ್ಲ ಬರುವಾಗ ಅತ್ತರು ತರುತ್ತಿದ್ದರು, ದಪ್ಪ ಚಾದರ ತರುತ್ತಿದ್ದರು, ಟೇಪ್ ರೆಕಾರ್ಡರ್ ತರುತ್ತಿದ್ದರು. ಮಾಮಾನೂ ಮೊದಲು ಅವನ್ನೇ ತಂದ. ಆಮೇಲೆ ಯಾವುದೋ ಒಂದು ಸಲ ಸಿಂಗಾಪುರದಲ್ಲಿ ಹಡಗು ರಿಪೇರಿಗೆ ನಿಂತಾಗ, ಮಾಡಲು ಕೆಲಸವಿಲ್ಲದೆ ತಿರುಗುತ್ತ, ಸಾಲುಸಾಲಾಗಿ ಚೀಲಗಳಲ್ಲಿ ಮೀನು ತೂಗುಹಾಕಿದ ಒಂದು ಬೀದಿಗೆ ಹೋದ. ಅಲ್ಲಿಂದ ಅವನು ಬೇರೆ ಮನುಷ್ಯನಾಗಿಯೇ ಬಂದ.

ಮೀನು ತರುವುದು ಒಂದು ಕಸುಬು, ಕೇಳಿ. ಹೊರಡುವ ಮುಂಚೆ ಮೀನನ್ನು ಉಪವಾಸ ಕೆಡವಬೇಕು, ಇಲ್ಲವಾದರೆ ದಾರಿಯಲ್ಲಿ ನೀರು ಹೊಲಸಾಗುತ್ತದೆ. ಚೀಲದೊಳಗೆ ಚೀಲ. ನೀರು ಕಮ್ಮಿ, ಗಾಳಿ ಹೆಚ್ಚು. ಹೊಸಬರು ಇದನ್ನು ಉಲ್ಟಾ ಮಾಡಿ ಮೀನು ಕೊಲ್ಲುತ್ತಾರೆ. ಚೀಲವನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಸುತ್ತ ಲುಂಗಿ, ಸ್ವೆಟರು ತುರುಕಬೇಕು. ಬೊಂಬಾಯಿಯಲ್ಲಿ ಇಳಿದಾಗ ತಪಾಸಣೆಯ ಅಧಿಕಾರಿ ಡಬ್ಬಿ ತೆಗೆಸಿದನಂತೆ. ಅವರಿಬ್ಬರ ಮಾತು ನಡೆದದ್ದು ಹಿಂದಿಯಲ್ಲಿ, ಮಾಮಾ ನಮಗೆ ಹೇಳುತ್ತಿದ್ದದ್ದು ನಮ್ಮ ಭಾಷೆಯಲ್ಲಿ.

"ಏನಿದು?"

"ಮೀನರಿ."

"ತಿನ್ನಾಕೇನು?"

"ನಮ್ಮ ಮನ್ಯಾಗ ಯಾರೂ ತಿನ್ನಂಗಿಲ್ರಿ."

"ಮಾರಾಕೇನು?"

"ಅಲ್ರಿ."

"ಮತ್ತ ಯಾಕ?"

"ನೋಡ್ಲಿಕ್ಕರಿ ಸಾಹೇಬ್ರ."

ಅಧಿಕಾರಿ ಇನ್ನೊಬ್ಬ ಅಧಿಕಾರಿಯನ್ನು ಕರೆದನಂತೆ. ಇಬ್ಬರೂ ಬಗ್ಗಿ ಸ್ವಲ್ಪ ಹೊತ್ತು ನೋಡಿದರಂತೆ. ಹೋಗು ಎಂದರಂತೆ. ಈಗ ಹೀಗೆಲ್ಲ ಬಿಡುವುದಿಲ್ಲ. ಕಾಗದಪತ್ರ, ಪರವಾನಗಿ, ರೋಗದ ತಪಾಸಣೆ ಎಲ್ಲ ಆಗಬೇಕು. ಆಗಬೇಕಾದದ್ದೇ ಅದು, ಬಹುಶಃ ಆಗಲೂ ಬೇಕಿತ್ತು. ಅವತ್ತು ಆ ಇಬ್ಬರಿಗೆ ನಿಯಮಕ್ಕಿಂತ ಮೀನು ಚೆಂದ ಕಂಡಿರಬೇಕು.

ಮನೆಗೆ ಬಂದ ಮೇಲಿನ ತಪಾಸಣೆ ಅಷ್ಟು ಸಲೀಸಾಗಿರಲಿಲ್ಲ. ಮನೆಯಲ್ಲಿದ್ದವಳು ಆಯಿ, ನನ್ನ ತಾಯಿಯ ತಾಯಿ. ಬೆಳಿಗ್ಗೆ ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವಳು. ಮೀನು ಎಂಬ ಶಬ್ದವನ್ನೇ ಅಡಿಗೆಮನೆಯಲ್ಲಿ ಆಡಗೊಡದವಳು. ಮಗ ಚೀಲ ಎತ್ತಿ ತೋರಿಸಿದಾಗ ಅವಳು ಬೈಯಲಿಲ್ಲ, ಅಳಲಿಲ್ಲ. ಎದ್ದು ಹೋಗಿ ಪಕ್ಕದ ಮನೆಯಲ್ಲಿ ಊಟ ಮಾಡಿದಳು. ಎರಡು ದಿನ ಹಾಗೆಯೇ ಮಾಡಿದಳು. ಮೂರನೆಯ ದಿನ ಮಾಮಾ ಗಾಜಿನ ತೊಟ್ಟಿಯನ್ನು ಪಡಸಾಲೆಯಿಂದ ಹೊರಗಿನ ಕೋಣೆಗೆ ಸಾಗಿಸಿದ. ಆಯಿ ಒಳಗೆ ಬಂದು ಒಲೆ ಹಚ್ಚಿದಳು. ಆ ಹೊತ್ತಿಗೆ ಓಣಿಯ ತುಂಬ ಸುದ್ದಿಯಾಗಿತ್ತು. ಎದುರು ಮನೆಯ ಹೆಣ್ಣುಮಗಳು ಹೊಸ್ತಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಕೇಳಿದಳು:

"ಆಯಿ, ನಿಮ್ಮನ್ಯಾಗ ಮೀನ ತಂದಾರಂತಲ್ರಿ, ಖರೆನ?"

"ತಂದಾನ. ತಿನ್ನಾಕಲ್ಲವಾ, ಸಾಕಾಕ."

"ಸಾಕಿ ಆಮ್ಯಾಲ?"

ನಮ್ಮ ಕಡೆ ಎಮ್ಮೆ ಸಾಕಿದರೆ ಹಾಲಿಗೆ, ಎತ್ತು ಸಾಕಿದರೆ ಹೊಲಕ್ಕೆ, ಕುರಿ ಸಾಕಿದರೆ ಉಣ್ಣೆಗೋ ಸಂತೆಗೋ. ಸಾಕಿ ಸುಮ್ಮನೆ ನೋಡುವುದು ಎಂಬ ಲೆಕ್ಕ ಯಾರಿಗೂ ಕೂಡಿಬರಲಿಲ್ಲ.

ಮಾಮಾನ ಹೆಂಡತಿ ಶಾಂತಾ ಮಾಮಿಗೂ ಕೂಡಿಬಂದಿರಲಿಲ್ಲ. ಮಾಮಿ ಔರಾದ ಕಡೆಯ ಸಂತಪುರದವಳು, ಅವಳ ತವರಿನಲ್ಲಿ ಕುರಿ ಹಿಂಡಿತ್ತು. ಮಾಮಿ ಪ್ರತಿದಿನ ಬಸ್ಸಿನಲ್ಲಿ ಖಟಕ ಚಿಂಚೋಳಿಗೆ ಹೋಗಿ ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ಬರುತ್ತಿದ್ದಳು. ಗಂಡ ಹಡಗಿನಲ್ಲಿದ್ದಷ್ಟು ತಿಂಗಳೂ ಮಗಳು ಸುಧಾಳ ಜ್ವರ, ಆಯಿಯ ಕಣ್ಣಿನ ಆಪರೇಷನ್ನು, ಸೋರುವ ಮಾಳಿಗೆ ಎಲ್ಲ ಅವಳ ಪಾಲಿಗೆ. ಈಗ ಅದರ ಮೇಲೆ ಮೀನು. "ಮಂದಿ ಗಂಡಂದಿರು ಸೀರಿ ತರ್ತಾರ, ಸೆಂಟ್ ತರ್ತಾರ. ನಮ್ಮವರು ಕಣ್ಣ ಸುದಾ ಮುಚ್ಚಲಾರದ್ದು ತಂದಾರ. ಎದ್ದಾಗಿಂದ ಮಲಗೂತನಾ ನನ್ನೇ ನೋಡ್ತಾವ" ಎನ್ನುತ್ತಿದ್ದಳು. ಆದರೂ ಮಾಮಾ ಹಡಗಿಗೆ ಮರಳಿದ ಮೇಲೆ ಮೀನಿಗೆ ಕಾಳು ಹಾಕುವವಳು ಅವಳೇ. ಆ ಮೊದಲ ಮೀನುಗಳು ಉಳಿಯಲಿಲ್ಲ. ಎರಡನೆಯ ಸಲ ತಂದವೂ ಉಳಿಯಲಿಲ್ಲ.

ತಪ್ಪು ನೀರಿನದು. ಭಾಲ್ಕಿ, ಔರಾದ ಎಂದರೆ ಕಪ್ಪು ಮಣ್ಣಿನ ನಾಡು. ಬೋರಿನ ನೀರು ಗಡಸು. ಬೀದರು ಕೆಂಪು ಕಲ್ಲಿನ ಮೇಲೆ ಕುಳಿತ ಊರು. ಅಲ್ಲಿಯ ಹಳೆಯ ಬಾವಿಗಳ ನೀರು ಮೆದು. ಮಾಮಾ ಮೂರನೆಯ ಸಲ ಬಂದಾಗ ನೀರು ಪರೀಕ್ಷಿಸುವ ಹನಿಗಳ ಶೀಶೆ ತಂದು, ಲೋಟದಲ್ಲಿ ನೀರು ಹಿಡಿದು, ಬಣ್ಣ ತಿರುಗುವುದನ್ನು ತೋರಿಸಿ, ಇದರೊಳಗೆ ಸುಣ್ಣ ಇಷ್ಟಿದೆ, ಆ ಮೀನುಗಳು ಹುಟ್ಟಿದ ನೀರಿನಲ್ಲಿ ಅಷ್ಟಿಲ್ಲ ಎಂದು ದೊಡ್ಡ ವ್ಯಾಖ್ಯಾನ ಕೊಟ್ಟ. ಮಾಮಿ ಎಲ್ಲ ಕೇಳಿ, "ಅಂದ್ರ ಬ್ಯಾಳಿ ಬೇಯಲಾರದ ನೀರು ಅನ್ರಿ" ಎಂದಳು. ನಂತರ ನನ್ನ ಕಡೆ ತಿರುಗಿದಳು. ನಾನು ಆಗ ಬೀದರಿನಲ್ಲಿ ಒಂದು ಸರಕಾರಿ ಕಚೇರಿಗೆ ಹೊಸದಾಗಿ ಸೇರಿ, ಹಳೆ ಊರಿನಲ್ಲಿ ಖೋಲಿ ಮಾಡಿಕೊಂಡು ಕೈಯಾರೆ ಅಡಿಗೆ ಮಾಡಿಕೊಳ್ಳುತ್ತಿದ್ದೆ.

"ನಿನ್ನ ಖೋಲಿ ಬಾವಿ ನೀರಾಗ ಬ್ಯಾಳಿ ಹ್ಯಾಂಗ ಬೇಯ್ತದ?"

"ಎರಡ ಸೀಟಿಗಿ ಬೆಣ್ಣಿ ಆಗ್ತದರಿ ಮಾಮಿ."

"ಹಂಗಾರ ಶನಿವಾರ ಶನಿವಾರ ಬರೂವಾಗ ಎರಡ ಕ್ಯಾನ ತುಂಬ್ಕೊಂಡ ಬಾ."

ಹೀಗೆ ನನ್ನ ಯೌವನದ ಶನಿವಾರಗಳು ನೀರು ಹೊರುವುದರಲ್ಲಿ ಹೋದವು. ನನ್ನ ವಯಸ್ಸಿನವರು ಶನಿವಾರ ಸಿನಿಮಾಕ್ಕೆ ಹೋಗುತ್ತಿದ್ದಾಗ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಕೈಯಲ್ಲಿ ಎರಡು ಕ್ಯಾನು ಹಿಡಿದು, ಭಾಲ್ಕಿ ಬಸ್ಸಿನ ಹಿಂದೆ ಓಡುತ್ತಿದ್ದೆ. ಮೊದಲ ದಿನ ಕಂಡಕ್ಟರು ಕ್ಯಾನಿನ ಮುಚ್ಚಳ ತೆಗೆಸಿ ಮೂಸಿ ನೋಡಿದ. ಒಳಗೆ ಸಿಂದಿ, ಹೆಂಡ ಏನಾದರೂ ಇದೆಯೆಂದು ಗುಮಾನಿ.

"ಏನ್ರಿ ಇದು?"

"ನೀರು."

"ಯಾವ ನೀರು?"

"ಬಾವಿ ನೀರ್ರಿ."

"ಯಾಕ, ಭಾಲ್ಕ್ಯಾಗ ನೀರ ಬತ್ತ್ಯಾವೇನ್ರಿ?"

"ಮೀನಿಗಿ ಬೇಕಾಗ್ಯಾವ."

ಕಂಡಕ್ಟರು ಬಸ್ಸಿನ ಕಡೆ ತಿರುಗಿ, "ಕೇಳ್ರೆಪಾ, ಸಾಹೇಬರು ಬೀದರದಾಗಿಂದ ಮೀನಿಗಿ ಕುಡಿಯಾಕ ನೀರ ಒಯ್ಲತ್ತಾರ" ಎಂದು ಘೋಷಿಸಿದ. ಆಮೇಲೆ ಆ ಬಸ್ಸಿನಲ್ಲಿ ನನ್ನ ಹೆಸರೇ ಮೀನ ಸಾಹೇಬ. ಮದುವೆಗೆ ನೋಡಲು ಬಂದ ಒಂದು ಕಡೆಯವರು ಅದೇ ಹೆಸರಿನಿಂದ ವಿಚಾರಿಸಿ, ಹುಡುಗನ ಮನೆತನ ಯಾವುದೆಂದು ಗಾಬರಿಯಾಗಿ ಮರಳಿ ಹೋದರೆಂದು ನನ್ನ ತಾಯಿ ಬಹಳ ದಿನ ತಮ್ಮನ ಜೊತೆ ಮಾತು ಬಿಟ್ಟಿದ್ದಳು.

ಆ ನೀರಿನಲ್ಲಿ ಮೀನು ಉಳಿದವು. ಮಾಮಾ ಆ ಸಲ ತಂದದ್ದು ಏಂಜಲ್ ಮೀನಿನ ಸಣ್ಣ ಮರಿಗಳು. ನೀವು ನೋಡಿರುತ್ತೀರಿ; ಬೆಳ್ಳಿಯ ಮೈ, ಕಪ್ಪು ಪಟ್ಟೆ, ಮೇಲೆ ಕೆಳಗೆ ಉದ್ದ ರೆಕ್ಕೆ ಚಾಚಿ ಗಾಳಿಯಲ್ಲಿ ನಿಂತ ಹಾಗೆ ನೀರಿನಲ್ಲಿ ನಿಲ್ಲುತ್ತದೆ. ವರ್ಷದೊಳಗೆ ಅವು ಅಂಗೈಯಗಲ ಬೆಳೆದವು. ಅವುಗಳಲ್ಲಿ ಎರಡು ಉಳಿದವನ್ನೆಲ್ಲ ಮೂಲೆಗೆ ಅಟ್ಟಿ ತಾವೇ ಜೋಡಿಯಾದವು. ಮುಂದಿನ ರಜೆಗೆ ಬಂದ ಮಾಮಾ ಉಳಿದವನ್ನು ಹೈದರಾಬಾದಿನ ಒಬ್ಬ ಅಂಗಡಿಯವನಿಗೆ ಕೊಟ್ಟು ಬಂದ. ಬಂದವನು ಒಂದು ಮಾತು ತಂದ. ಅಂಗಡಿಯವನು, ಇವುಗಳ ಮರಿ ಇಲ್ಲಿಯೇ ಮಾಡಿಕೊಡುವವರಿದ್ದರೆ ಎಷ್ಟಿದ್ದರೂ ತೆಗೆದುಕೊಳ್ಳುತ್ತೇನೆ ಎಂದಿದ್ದನಂತೆ.

ಅವತ್ತು ಸಂಜೆ ಊಟಕ್ಕೆ ಕುಳಿತಾಗ ಮಾಮಾ ಹೇಳಿದ ಮಾತು ನನ್ನೆದುರೇ ಆಡಿದ್ದು. "ಶಾಂತಾ, ಈ ಜೋಡಿ ನಮ್ಮ ಮನ್ಯಾಗ ತತ್ತಿ ಇಟ್ಟು ಮರಿ ದೊಡ್ಡವು ಮಾಡಿದ್ರ, ಹಡಗಕ್ಕ ರಾಮ್ ರಾಮ್. ಫ್ರಿಜ್ ರಿಪೇರಿ ಹಾಕ್ತೇನಿ, ಮೀನ ಮಾಡ್ತೇನಿ, ಇಲ್ಲೇ ಇರ್ತೇನಿ." ಮಾಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಖರೆ ಅಂತೀರೇನು?" ಎಂದಷ್ಟೇ ಕೇಳಿದಳು. "ಖರೆ" ಎಂದ. ಮುಂದಿನ ರಜೆಗೆ ಬಂದಾಗ ಮತ್ತೆ ಹಡಗಿಗೆ ಬರುವ ಬಗ್ಗೆ ಕಂಪನಿಯ ಬೊಂಬಾಯಿ ಆಫೀಸಿಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಅಷ್ಟರೊಳಗೆ ಮರಿ ಆಗಬೇಕು.

ಮಾಮಾ ಹೋದ ಮೇಲೆ ಮಾಮಿಯ ರೀತಿಯೇ ಬದಲಾಯಿತು. ಮುಂಚೆ ಕಾಳು ಎಸೆದು ಹೋಗುತ್ತಿದ್ದವಳು ಈಗ ಶಾಲೆಯಿಂದ ಬಂದವಳೇ ಚಪ್ಪಲಿ ಬಿಟ್ಟು ಮೊದಲು ಹೊರಗಿನ ಕೋಣೆಗೆ. ಮೀನು ತತ್ತಿ ಇಡಲಿ ಎಂದು ಶಾಲೆಯಿಂದ ಮಕ್ಕಳು ಬರೆಯುವ ಒಂದು ಒಡೆದ ಕಲ್ಲಿನ ಪಾಟಿ ತಂದು ತೊಟ್ಟಿಯಲ್ಲಿ ಓರೆಯಾಗಿ ನಿಲ್ಲಿಸಿದಳು. ಮಾಮಾ ಹೇಳಿಹೋದ ನಿಯಮಗಳನ್ನೆಲ್ಲ ಪಾಠದ ಹಾಗೆ ನೆನಪಿಟ್ಟಿದ್ದಳು. ಕೈಗೆ ಸಾಬೂನಿರಬಾರದು. ಥಂಡಿಯ ದಿನಗಳಲ್ಲಿ ನೀರು ಬೆಚ್ಚಗಿಡುವ ಕರೆಂಟಿನ ಕೊಳವೆ ಆರಬಾರದು. ತಾಮ್ರ, ಹಿತ್ತಾಳೆಯ ಪಾತ್ರೆ ನೀರಿಗೆ ತಾಗಬಾರದು. ನಮಗೆ ಪವಿತ್ರವಾದ ತಾಮ್ರ ಮೀನಿಗೆ ವಿಷ, ಅದರಲ್ಲೂ ಮೆದು ನೀರಿನಲ್ಲಿ. ಇದನ್ನೆಲ್ಲ ಮಾಮಾ ಮಾಮಿಗೆ ಹೇಳಿದ್ದ. ಆಯಿಗೆ ಯಾರೂ ಹೇಳಿರಲಿಲ್ಲ. ಆಯಿ ಎಂದಾದರೂ ಮೀನು ಮುಟ್ಟುತ್ತಾಳೆ ಎಂದು ಯಾರಿಗೆ ಅನಿಸಬೇಕು.

ಆದರೆ ಆಯಿ ಹೊರಗಿನ ಕೋಣೆಯ ಬಾಗಿಲಲ್ಲಿ ನಿಲ್ಲತೊಡಗಿದ್ದಳು. ಮೊದಮೊದಲು ಕಸ ಹೊಡೆಯುವ ನೆಪ. ಆಮೇಲೆ ನೆಪವಿಲ್ಲದೆ. ಒಂದು ಶನಿವಾರ ನಾನು ಕ್ಯಾನು ಇಳಿಸುವಾಗ ಕೇಳಿದಳು, "ತಮ್ಮಾ, ಇವು ಬಿಲ್ವಪತ್ರಿ ಇದ್ದಂಗ ಇಲ್ಲೇನೋ?" ನೋಡಿದೆ. ನಡುವೆ ಮೈ, ಮೇಲೊಂದು ಕೆಳಗೊಂದು ಚೂಪು ರೆಕ್ಕೆ, ಮೂರೆಲೆಯ ಬಿಲ್ವಪತ್ರೆಯೇ. ಅಲ್ಲಿಂದ ಮುಂದೆ ಅವಳ ಬಾಯಲ್ಲಿ ಅವು ಮೀನಲ್ಲ, ಬಿಲ್ವಪತ್ರಿ. ಹೆಸರು ಬದಲಾದ ಮೇಲೆ ಅವಳಿಗೆ ಅಡ್ಡಿಯೇನೂ ಉಳಿಯಲಿಲ್ಲ. "ಶಾಂತಾ, ನಿನ್ನ ಬಿಲ್ವಪತ್ರಿ ಇವತ್ತ ಉಂಡಿಲ್ಲ ನೋಡವಾ" ಎಂದು ಶಾಲೆಯಿಂದ ಬಂದ ಸೊಸೆಗೆ ವರದಿ ಒಪ್ಪಿಸುವಷ್ಟಾಯಿತು.

ಥಂಡಿ ಶುರುವಾದಾಗ ಜೋಡಿ ತತ್ತಿ ಇಟ್ಟಿತು. ಪಾಟಿಯ ಮೇಲೆ ಗಸಗಸೆ ಸಾಲಾಗಿ ಅಂಟಿಸಿದ ಹಾಗೆ. ಎರಡೂ ಮೀನು ಪಾಳಿ ಹಚ್ಚಿ ಮುಂದೆ ನಿಂತು ರೆಕ್ಕೆಯಿಂದ ಗಾಳಿ ಬೀಸುತ್ತಿದ್ದವು. ಆಯಿ ಬಾಗಿಲು ದಾಟಿ ಒಳಗೆ ಬಂದು ಮೊದಲ ಸಲ ತೊಟ್ಟಿಯ ಮುಂದೆ ಮಣೆ ಹಾಕಿ ಕುಳಿತಳು. "ಅಯ್ಯ, ಬಾಣಂತ್ಯಾದ್ಲು" ಎಂದಳು.

ಅದೇ ವಾರ ಎರಡು ಕೆಲಸ ಕೂಡಿ ಬಂದವು. ಸಂತಪುರದಲ್ಲಿ ಮಾಮಿಯ ಅಣ್ಣನ ಮಗುವಿಗೆ ಹೆಸರಿಡುವ ಕಾರ್ಯ. ಅವಳು ಸುಧಾಳನ್ನು ಕರೆದುಕೊಂಡು ಹೋಗಲೇಬೇಕು. ಹೋದ ಮರುದಿನವೇ ಓಣಿಯ ಕರೆಂಟಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಕರೆಂಟಿಲ್ಲ. ಭಾಲ್ಕಿಯ ಥಂಡಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಬಾಯಿ ತೆರೆದರೆ ಹೊಗೆ. ಆಯಿ ತೊಟ್ಟಿಯಲ್ಲಿ ಬೆರಳಿಟ್ಟು ನೋಡಿದಳು. ಮಂಜಿನಂಥ ನೀರು. ಹಸಿ ಬಾಣಂತಿ ಅಂಥ ನೀರಿನಲ್ಲಿ.

ನಮ್ಮ ಮನೆಗಳಲ್ಲಿ ಬಾಣಂತಿಗೆ ಏನು ಮಾಡುತ್ತಾರೋ ಆಯಿ ಅದನ್ನೇ ಮಾಡಿದಳು. ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಬಂಗಾರ ಮಾಡಿದಳು. ಬೋರಿನ ನೀರಲ್ಲ, ನಾನು ತಂದಿಟ್ಟ ಬೀದರಿನ ನೀರನ್ನೇ ತುಂಬಿದಳು. ಕೆಳಗೆ ನಾಲ್ಕು ಕುಳ್ಳಿನ ಕೆಂಡ ಇಟ್ಟು, ಕೈಗೆ ಹಿತವಾಗುವಷ್ಟು ಬೆಚ್ಚಗಾದ ಮೇಲೆ, ಎಪ್ಪತ್ತು ದಾಟಿದ ಆ ಹೆಣ್ಣುಮಗಳು ಜೀವನದಲ್ಲಿ ಮೊದಲ ಸಲ ಒಂದು ಮೀನನ್ನು ಬೋಗುಣಿಯಲ್ಲಿ ಹಿಡಿದು, ಸೆರಗು ಮುಚ್ಚಿ ಗಾಳಿ ತಾಗದಂತೆ ಬಚ್ಚಲಿಗೆ ಒಯ್ದಳು.

ಮಧ್ಯಾಹ್ನ ನಾನು ಕ್ಯಾನು ಹೊತ್ತು ಬಂದಾಗ ಅವಳು ಹಂಡೆಯ ಪಕ್ಕದಲ್ಲೇ ಕುಳಿತಿದ್ದಳು.

"ಬಾ, ನೋಡು. ಬಾಣಂತಿ ಹ್ಯಾಂಗ ಚಂದ ಅದಾಳ."

ಬಗ್ಗಿ ನೋಡಿದೆ. ತಾಮ್ರದ ಹೊಳಪಿನಲ್ಲಿ ಬೆಳ್ಳಿಯ ಮೀನು ನಿಂತಿತ್ತು. ಅಷ್ಟು ಚೆಂದದ ದೃಶ್ಯ ನಾನು ಕಡಿಮೆ ನೋಡಿದ್ದೇನೆ. ತಾಮ್ರದ ಸಂಗತಿ ನನಗೂ ಗೊತ್ತಿರಲಿಲ್ಲ. ನನ್ನ ಖಾತೆ ಬರೀ ನೀರಿನದು.

"ಆಯಿ, ಇನ್ನೊಂದ್ಯಾಕ ಅಲ್ಲೇ ಬಿಟ್ಟೀರಿ?"

"ಅದು ಗಂಡು ಅದಲ್ಲೋ. ಗಂಡಸಿಗೇನು ಥಂಡಿ? ಮತ್ತ ಮಕ್ಕಳ್ನ ನೋಡವರು ಯಾರು?"

"ಗಂಡು ಅಂತ ಹ್ಯಾಂಗ ಗೊತ್ತಾತು?"

"ಜರಾ ಸೊಕ್ಕಿನಿಂದ ನಿಂತಿತ್ತು."

ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ತೊಟ್ಟಿಯ ನೀರು ಬೆಚ್ಚಗಾಗಲಿ, ಬೆಳಿಗ್ಗೆ ಮರಳಿ ಬಿಟ್ಟರಾಯಿತೆಂದು ನಾವಿಬ್ಬರೂ ಮಾತಾಡಿಕೊಂಡೆವು. ಬೆಳಿಗ್ಗೆ ಹಂಡೆಯ ಮೀನು ಮಗ್ಗುಲಾಗಿ ತೇಲುತ್ತಿತ್ತು.

ಮಾಮಿ ಬಂದದ್ದು ಮಧ್ಯಾಹ್ನದ ಬಸ್ಸಿಗೆ. ಕೈಯಲ್ಲಿ ತವರಿನ ಬುತ್ತಿ, ಹಿಂದೆ ಸುಧಾ. ಆಯಿ ಬಾಗಿಲಲ್ಲೇ ಹೇಳಿದಳು, ಮುಚ್ಚಿಡುವ ಸ್ವಭಾವ ಅವಳದಲ್ಲ. "ಶಾಂತಾ, ಬಾಣಂತಿ ಹೋದ್ಲವಾ. ಥಂಡಿ ಆಗ್ತದಂತ ಹಂಡ್ಯಾಗ ಹಾಕಿದ್ದೆ. ಬೆಚ್ಚಗೇ ಇತ್ತು. ನಾ ಏನರೆ ತಪ್ಪ ಮಾಡಿದೆನೇನು?"

ಮಾಮಿ ಹಂಡೆಯ ಕಡೆ ನೋಡಿದಳು. ಅವಳ ಮುಖ ಆ ಕ್ಷಣಕ್ಕೆ ಹೇಗಾಯಿತೆಂದು ನಾನು ನೋಡಿದೆ. ಆಯಿಯ ಮಂದ ಕಣ್ಣಿಗೆ ಕಾಣಲಿಲ್ಲ. ಗಂಡ ಮನೆಯಲ್ಲಿರುತ್ತಾನೋ ಇಲ್ಲವೋ ಎಂಬುದು ಆ ಜೋಡಿಯ ಮೇಲೆ ನಿಂತಿತ್ತು. ಈಗ ಜೋಡಿ ಇಲ್ಲ. ಅವಳು ಬುತ್ತಿ ಕೆಳಗಿಟ್ಟು, "ಇಲ್ರಿ ಅತ್ತಿ. ಮೊದಲೇ ಥಂಡಿ ಹತ್ತಿರ್ಬೇಕು. ನೀವೇನ ಮಾಡ್ತೀರಿ. ಉಂಡೀರೇನು?" ಎಂದಳು. ಆಮೇಲೆ ಹಿತ್ತಲಿಗೆ ನನ್ನನ್ನು ಕರೆದು ತಾಮ್ರದ ವಿಷಯ ಹೇಳಿ, "ಅತ್ತಿ ಕಿವಿಗಿ ಹಾಕಬ್ಯಾಡ" ಎಂದಳು. ಆಯಿ ಅದಾದ ಮೇಲೆ ಎಷ್ಟೋ ವರ್ಷ ಬದುಕಿದಳು. ಯಾರೂ ಹಾಕಲಿಲ್ಲ.

ಒಂಟಿ ಮೀನು ಪಾಟಿಯ ಮುಂದೆಯೇ ನಿಂತಿತ್ತು. ಪಾಳಿ ಬದಲಿಸುವವರಿಲ್ಲ. ಬಹಳಷ್ಟು ತತ್ತಿ ಬೂಷ್ಟು ಹಿಡಿದು ಬೆಳ್ಳಗಾಗಿದ್ದವು. ಅವನ್ನು ಬಾಯಿಂದ ಒಂದೊಂದಾಗಿ ಕಿತ್ತು ತೆಗೆಯುತ್ತಿತ್ತು. ಮರುದಿನ ಉಳಿದ ಕೆಲವು ಒಡೆದು ಬಾಲ ಅಲುಗಿಸತೊಡಗಿದವು. ಆ ಮರಿಗಳು ಉದುರಿದರೆ ಬಾಯಲ್ಲಿ ಹಿಡಿದು ತಂದು ಮತ್ತೆ ಪಾಟಿಗೆ ಅಂಟಿಸುತ್ತಿತ್ತು. ಮಾಮಾ ತಂದಿಟ್ಟಿದ್ದ ಡಬ್ಬಿಯಲ್ಲಿ ಹುಡಿಯ ಹಾಗಿರುವ ಹುಳುವಿನ ಮೊಟ್ಟೆಗಳಿದ್ದವು. ಉಪ್ಪುನೀರಲ್ಲಿ ನೆನೆಸಿದರೆ ಕಣ್ಣಿಗೆ ಕಾಣಲಾರದಂಥ ಹುಳು ಏಳುತ್ತವೆ. ಮಾಮಿ ಅವನ್ನು ಬಟ್ಟೆಯಲ್ಲಿ ಸೋಸಿ ಮರಿಗಳಿಗೆ ಹಾಕಿದಳು. ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ನಡುವೆ ಆಯಿಯ ಕಾವಲು. ದೊಡ್ಡ ಮೀನು ಮಾತ್ರ ಉಣ್ಣುವುದನ್ನೇ ಬಿಟ್ಟಿತ್ತು. ಕಾಳು ಮೇಲೆ ತೇಲಿದರೂ ಮರಿಗಳನ್ನು ಬಿಟ್ಟು ಮೇಲೆ ಬರುತ್ತಿರಲಿಲ್ಲ.

ಮಾಮಾ ಬಂದಾಗ ಮರಿಗಳು ಹುಣಸೆಬೀಜದಷ್ಟಾಗಿ, ಪಟ್ಟೆ ಮೂಡಿ, ಪುಟ್ಟ ಬಿಲ್ವಪತ್ರೆಗಳೇ ಆಗಿದ್ದವು. ಅವನು ಬೂಟು ಬಿಚ್ಚದೆ ತೊಟ್ಟಿಯ ಮುಂದೆ ಕುಳಿತ. ಹೇಗೆ ಹೋಯಿತು ಇನ್ನೊಂದು ಎಂದು ಕೇಳಿದ. ಆಯಿ ಹಂಡೆಯ ಕಥೆ ಹೇಳಿದಳು. ಹಂಡೆ ಎಂಬ ಶಬ್ದ ಕೇಳಿ ಅವನು ತಲೆ ಎತ್ತಿದ. ಮಾಮಿ ಆಯಿಯ ಬೆನ್ನಹಿಂದೆ ನಿಂತು ಕಣ್ಣಿನಲ್ಲೇ ಬೇಡ ಎಂದಳು. "ಥಂಡಿರಬೇಕವ್ವ" ಎಂದ ಮಾಮಾ.

ಅವನು ಬಂದದ್ದು ರವಿವಾರ; ನಾನು ಸೋಮವಾರ ಕಚೇರಿಗೆ ರಜೆ ಹಾಕಿ ಉಳಿದೆ. ಮರುದಿನ ಚಹಾ ಕುಡಿಯುವಾಗ, ಯಾರ ಮುಖವನ್ನೂ ನೋಡದೆ ಮಾತು ತೆಗೆದ.

"ಮರೀನರೆ ಆದವು. ಆದ್ರ ಜೋಡಿ ಉಳೀಲಿಲ್ಲಲ್ಲ. ಇವು ಬೆಳದು ಜೋಡಿ ಆಗ್ಬೇಕಂದ್ರ ಮತ್ತ ವರ್ಷ ಹೋಗ್ತದ. ಅದಕ್ಕಿಂತ, ಇನ್ನೊಂದೇ ಸಲ ಹಡಗಕ್ಕ ಹೋಗಿ ಬರ್ತೇನಿ. ಬರೂವಾಗ ಬೆಳದದ್ದೇ ಜೋಡಿ ತರ್ತೇನಿ."

ಆಯಿ ಮಗನ ಮುಖ ನೋಡಿದಳು. ನಾನು ಬಶಿಯಲ್ಲಿದ್ದ ಚಹಾ ನೋಡಿದೆ. ತಪ್ಪು ಲೆಕ್ಕವೇನಲ್ಲ ಅವನದು. ಮೀನು ಬೇಕೆಂದರೆ ಮೀನಿದ್ದ ಊರಿಗೆ ಹೋಗಬೇಕು. ಆದರೆ ಅವನ ಹಡಗಿನ ವರ್ಷಗಳೆಲ್ಲ ಹೀಗೇ ಇನ್ನೊಂದೇ ಸಲ, ಇನ್ನೊಂದೇ ಸಲ ಎಂದು ಕೂಡಿದವು.

ಮಾಮಿ ಎದ್ದು ಹೊರಗಿನ ಕೋಣೆಗೆ ಹೋಗಿ ಅಲ್ಲಿಂದಲೇ ಕರೆದಳು. "ಬರ್ರಿ ಇಲ್ಲಿ." ಮಾಮಾ ಹೋದ. ನಾವೂ ಹೋದೆವು.

"ಮರಿ ನೋಡಬ್ಯಾಡ್ರಿ. ಅದನ್ನ ನೋಡ್ರಿ" ಎಂದು ದೊಡ್ಡ ಮೀನಿನ ಕಡೆ ಬೆರಳು ಮಾಡಿದಳು. 

ಅದರ ಉದ್ದನೆಯ ರೆಕ್ಕೆಗಳು ಸೀಳಿ ಜೂಲುಜೂಲಾಗಿದ್ದವು. ಹೊಟ್ಟೆ ಒಳಸೇರಿ ಮೈ ಕಾಗದದಷ್ಟು ತೆಳ್ಳಗಾಗಿತ್ತು. ಮರಿಗಳ ಗುಂಪಿನ ಅಂಚಿನಲ್ಲಿ ಓರೆಯಾಗಿ ನಿಂತಿತ್ತು.

"ಒಂದೇ ಇದ್ರೂ ಮರಿ ಸಾಕ್ತದರಿ. ಸಾಕಂಗಿಲ್ಲ ಅಂತಲ್ಲ. ಸಾಕೇದ. ಅದರ ರೆಕ್ಕಿ ನೋಡಿ ಆಮ್ಯಾಲ ಹೋಗ್ರಿ" ಎಂದಳು.

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಮಾಮಿ ಮಾಮಾನ ಹಡಗಿನ ಬಗ್ಗೆ ಒಂದು ತಕರಾರು ಮಾತು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಷ್ಟು ಹೇಳಿ ಅವಳು ಚೀಲ ಎತ್ತಿಕೊಂಡು ಖಟಕ ಚಿಂಚೋಳಿ ಬಸ್ಸಿಗೆ ಹೋದಳು. ಮಾಮಾ ತೊಟ್ಟಿಯ ಮುಂದೆ ನಿಂತೇ ಇದ್ದ. ನಾನು ಮಧ್ಯಾಹ್ನದ ಬಸ್ಸಿಗೆ ಬೀದರಿಗೆ ಹೊರಟಾಗಲೂ ಅಲ್ಲಿಯೇ ಇದ್ದ. ಚಿಟಿಕೆಯಲ್ಲಿ ಕಾಳು ಹಿಡಿದು, ತೋಳು ಮುಳುಗಿಸಿ, ಆ ಮೀನಿನ ಬಾಯ ಹತ್ತಿರ ಒಯ್ಯುತ್ತಿದ್ದ. ಬೊಂಬಾಯಿ ಆಫೀಸಿಗೆ ಅವನು ಏನು ಹೇಳಿದನೋ ನನಗೆ ಗೊತ್ತಿಲ್ಲ. ಮುಂದಿನ ಶನಿವಾರ ಹೋದಾಗ ಮುಂಬಾಗಿಲ ಪಕ್ಕದ ಕೋಣೆಗೆ ಸುಣ್ಣ ಬಳಿಯುತ್ತಿದ್ದ, ಫ್ರಿಜ್ ರಿಪೇರಿಯ ಅಂಗಡಿಗೆ.

ಆಮೇಲೆ ಮಾಮಾ ಪರದೇಶದಿಂದ ಒಂದು ಮೀನೂ ತರಲಿಲ್ಲ, ಪರದೇಶಕ್ಕೆ ಹೋಗಲೂ ಇಲ್ಲ. ಆ ಮರಿಗಳೇ ಬೆಳೆದು ಜೋಡಿಯಾಗಿ, ಅವುಗಳ ಮರಿಗಳ ಮರಿಗಳು ಉದಗೀರ, ಲಾತೂರ, ಹೈದರಾಬಾದು ಎಂದು ಹೋದವು. ದೊಡ್ಡ ಗಂಟೇನೂ ಆಗಲಿಲ್ಲ. ಅಂಗಡಿಯೂ ಮೀನೂ ಕೂಡಿ ಮನೆ ನಡೆಯಿತು.

ಸಿಗ್ನಲ್ಲಿನ ಆ ಚೀಲ ಇಷ್ಟೆಲ್ಲ ನೆನಪು ತೆಗೆದದ್ದರಿಂದ ಈ ಶನಿವಾರ ಭಾಲ್ಕಿಗೆ ಹೋದೆ. ಈಗ ಕೈ ಖಾಲಿ. ಮಾಮಾ ಮಾಳಿಗೆಯ ಮೇಲಿನ ಮಳೆನೀರು ಹಿಡಿದಿಡುವ ವ್ಯವಸ್ಥೆ ಮಾಡಿಕೊಂಡು ಬಹಳ ವರ್ಷವಾಯಿತು. ಬಾಗಿಲು ತೆಗೆದವನು ಮಾಮಾನೇ. ಬನಿಯನ್ನು ಒದ್ದೆ, ಹೆಗಲ ಮೇಲೆ ಟವೆಲ್ಲು, ಗಡ್ಡ ಬೆಳೆದಿತ್ತು. ಮಾಮಿ ಎಲ್ಲಿ ಎಂದರೆ, ಸಿಂಗಾಪುರಕ್ಕೆ ಹೋಗಿದ್ದಾಳೆ ಎಂದ. ನಿವೃತ್ತಿಯಾದ ಟೀಚರುಗಳ ಗುಂಪೊಂದು ಪ್ರವಾಸ ಹೊರಟಿತ್ತಂತೆ. ಇಷ್ಟು ವರ್ಷ ಕೇಳಿದ ಊರು, ಒಮ್ಮೆ ನೋಡಿ ಬರುತ್ತೇನೆ ಎಂದು ಹೊರಟಳಂತೆ.

"ನೀವೂ ಹೋಗ್ಬೇಕಿತ್ತಲ್ರಿ ಮಾಮಾ."

"ಇವನ್ನ ನೋಡವರ್ಯಾರು?" ಎಂದು ತೊಟ್ಟಿಗಳ ಕಡೆ ಕೈ ಮಾಡಿದ. ಕಾಳಿನ ಡಬ್ಬಿ ಮುಚ್ಚುತ್ತ ತಾನಾಗಿಯೇ ಹೇಳಿದ: "ನಿನ್ನಿ ಫೋನ್ ಹತ್ತಲಿಲ್ಲ ನೋಡು. ಮನಿ ತುಂಬ ತಿರಗ್ಯಾಡಿದೆ. ಹೋದವರಿಗಿ ಏನೂ ಅನಸಂಗಿಲ್ಲೋ. ನನಗ ಗೊತ್ತದ, ನಾ ಹೋದವನೇ. ಹೊಸ ಊರು, ಹೊಸ ಮಂದಿ, ದಿನಾ ಹ್ಯಾಂಗ ಹೋಗ್ತದ ಗೊತ್ತಾಗಂಗಿಲ್ಲ. ಮನ್ಯಾಗ ಕುಂತವರದೇ ತ್ರಾಸ."

ಅವನೇ ಅಕ್ಕಿ ತೊಳೆದಿಟ್ಟ, ನಾನು ಮೆಣಸಿನಕಾಯಿ ಹೆಚ್ಚಿದೆ. ಅಷ್ಟರಲ್ಲಿ ಫೋನು ಬಂತು. ಮಾಮಾಗೆ ಈಗ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುತ್ತಾನೆ. ಹಿಂದೆ ಸಂತೆಯ ಗದ್ದಲ, ನಡುವೆ ಮಾಮಿಯ ದನಿ.

"ಕೇಳ್ಲತ್ತದೇನ್ರಿ? ನೀವು ಹೇಳ್ತಿದ್ರಲ್ಲ, ಆ ಮೀನಿನ ಬಜಾರಕ್ಕ ಬಂದೀನಿ. ಏನ್ ಬಣ್ಣ ಅಂತೀರಿ. ನೀಲಿದೊಂದ ಜೋಡಿ ಅದ. ಕಾಗದಾ ಎಲ್ಲಾ ಮಾಡ್ಸಿ ಕೊಡ್ತೇವಂತಾರ. ತರ್ಲೇನು?"

ಮಾಮಾ ಫೋನನ್ನು ಬಾಯಿಯ ಹತ್ತಿರ ಹಿಡಿದ.

"ಏನೂ ತರಬ್ಯಾಡ. ನೀ ಬಾ."

ಆ ಕಡೆ ಅಂಗಡಿಯವನಿಗೆ "ನೋ, ನೋ" ಎಂದದ್ದು ಕೇಳಿಸಿತು. ಆಮೇಲೆ ಮಾಮಿ, "ಆತ್ರಿ" ಎಂದಳು. ಮಾಮಾ ಫೋನು ಪಟ್ಟಾಪಟ್ಟಿ ಚಡ್ಡಿಯ ಕಿಸೆಯಲ್ಲಿ ಇಟ್ಟ. ನಂತರ ಹೊರಗೆ ತೆಗೆದು, ನಿಜವಾಗಿಯೂ ಕಟ್ಟಾಗಿದೆಯೇ ಎಂದು ಕನ್ನಡಕ ಏರಿಸಿ ನೋಡಿದ.